ಹಿಂಬದಿಯ ಟೈರುಗಳ ಬಳಿ ಕಾವಲಿದ್ದ ಗಂಡು ಹೆಬ್ಬಾತಿನವರಿಗೆ

ಇವರಿಗೆ,
ಮಾನ್ಯ ಗಂಡು ಹೆಬ್ಬಾತಿನವರು,
ಗಾಡಿ ನಿಲ್ಲಿಸುವ ಪರೀಕ್ಷೆಯ ಅಂಕಣ, ಹಿಂಬದಿಯ ಟೈರುಗಳ ಪಕ್ಕ,
ಚಾಲನಾ ಪರೀಕ್ಷಾ ಮೈದಾನ, ಕೊಳದ ದಂಡೆ.

ಮಾನ್ಯರೇ,

ತಮ್ಮ ಪುಕ್ಕಗಳೆಲ್ಲ ನೆಟ್ಟಗಿವೆಯೆಂದೂ, ತಮ್ಮ ಕೊರಳು ಹಿಂದಿನಷ್ಟೇ ಉದ್ದವಾಗಿದೆಯೆಂದೂ, ಶ್ರೀಮತಿಯವರು ಮಕ್ಕಳೊಡನೆ ನೀರಿನ ಮೇಲೆ ಸುಖವಾಗಿ ತೇಲುತ್ತಿದ್ದಾರೆಂದೂ ನಂಬಿ, ತಮ್ಮ ಜಾಲಪಾದಗಳಿಗೆ ಸಾಕಷ್ಟು ದೂರದಿಂದಲೇ ನಮಸ್ಕರಿಸಿ, ಈ ದೂರನ್ನು ಸಲ್ಲಿಸುತ್ತಿದ್ದೇನೆ. ತಮಗೆ ಓದಲು ಬರುವುದಿಲ್ಲ ಎಂಬ ಸಂಗತಿ ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಓದಲು ಬರುವ ಅಧಿಕಾರಿಗಳಿಗೆ ನಾನು ಬರೆದ ಯಾವ ಪತ್ರಕ್ಕೂ ಇದುವರೆಗೆ ಉತ್ತರ ಬಂದಿಲ್ಲವಾದ್ದರಿಂದ, ಆ ವಿಷಯದಲ್ಲಿ ತಮಗೂ ಅವರಿಗೂ ವ್ಯತ್ಯಾಸ ಮಾಡುವುದು ಶಿಷ್ಟಾಚಾರಕ್ಕೆ ವಿರುದ್ಧವೆಂದು ಭಾವಿಸಿ, ಎಲ್ಲರೂ ಓದಲಿ ಎಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಮೊದಲು ನನ್ನ ಪರಿಚಯ. ನಾನು ಕನ್ನಡಿ ಅಂಗಡಿಯವಳು. ಅಪ್ಪ ಕಟ್ಟಿ ಬೆಳೆಸಿದ ಅಂಗಡಿಯನ್ನು ನಾನೂ ನಮ್ಮಕ್ಕನೂ ನಡೆಸಿಕೊಂಡು ಬರುತ್ತಿದ್ದೇವೆ. ಗಾಜು ಅಳೆಯುವುದು, ಕತ್ತರಿಸುವುದು, ಅಂಚು ಉಜ್ಜುವುದು, ಚೌಕಟ್ಟಿಗೆ ಕೂರಿಸುವುದು ನನ್ನ ಪಾಲು. ಗಿರಾಕಿಗಳೊಡನೆ ವಾದ ಮಾಡುವುದು ಮತ್ತು ಗಾಡಿ ಓಡಿಸುವುದು ಅಕ್ಕನ ಪಾಲು. ನಮ್ಮ ಗಾಡಿ ಹಿಂಬದಿ ತೆರೆದಿರುವ, ಕನ್ನಡಿಗಳನ್ನು ನೆಟ್ಟಗೆ ನಿಲ್ಲಿಸಿ ಪಟ್ಟಿ ಬಿಗಿಯಲು ಮರದ ಅಡ್ಡೆ ಹೊಡೆಸಿರುವ ಸಣ್ಣ ಗಾಡಿ. ಅಕ್ಕ ಅದನ್ನು ಓಡಿಸುತ್ತಿದ್ದ ಚಂದ ನೋಡಬೇಕಿತ್ತು. ಆಳೆತ್ತರದ ಕನ್ನಡಿಯನ್ನು ಹಿಂದೆ ಹೊತ್ತುಕೊಂಡು ಎಂಥ ಸಂದಿಯಲ್ಲಾದರೂ ಹಾವಿನಂತೆ ನುಸುಳಿ ಬರುತ್ತಿದ್ದಳು. ಬೀದಿಯ ಆಕಾಶ, ಮನೆಗಳು, ಒಣಹಾಕಿದ ಬಟ್ಟೆಗಳೆಲ್ಲ ಅವಳ ಬೆನ್ನ ಹಿಂದೆ ಮೆರವಣಿಗೆ ಹೊರಟಂತೆ ಕಾಣುತ್ತಿತ್ತು.

ಅಂಥ ಅಕ್ಕ ಕೆಲ ತಿಂಗಳಿಂದೀಚೆಗೆ ವಸ್ತುಗಳೊಡನೆ ಜಗಳವಾಡಲು ಶುರುಮಾಡಿದಳು. ಗೋದಾಮಿನ ಗೇಟಿನ ಕಂಬಕ್ಕೆ ಗಾಡಿಯ ಎಡಗಡೆ ಉಜ್ಜಿ ಬಂದ ದಿನ, "ಆ ಕಂಬ ನಿನ್ನೆ ಅಲ್ಲಿರ್ಲಿಲ್ಲ ಕಣೆ" ಎಂದಳು. ಪಕ್ಕದ ಸೆಲೂನಿನವರ ಬೋರ್ಡನ್ನು ಬೀಳಿಸಿದ ದಿನ, ಬೋರ್ಡು ಬೀದಿಗೆ ಬಂದು ನಿಂತರೆ ಬೀದಿಯಲ್ಲಿ ಹೋಗುವವರು ಏನು ಮಾಡಬೇಕೆಂದು ಸೆಲೂನಿನವರನ್ನೇ ತರಾಟೆಗೆ ತೆಗೆದುಕೊಂಡಳು. ಪಾಪ, ಅವರು ಅರ್ಧ ಗಡ್ಡ ಹೆರೆದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಬಂದು ಕ್ಷಮೆ ಕೇಳಿ ಹೋದರು. ಆಮೇಲೊಂದು ಬೆಳಿಗ್ಗೆ ಅಕ್ಕ ಗಾಡಿಯ ಕೀಯನ್ನು ನನ್ನ ಗಾಜು ಕತ್ತರಿಸುವ ಮೇಜಿನ ಮೇಲಿಟ್ಟು, "ಭುಜ ಹಿಡ್ಕೊಂಡ್ಬಿಟ್ಟಿದೆ, ಸ್ಟೇರಿಂಗ್ ತಿರುಗ್ಸಕ್ಕೆ ಆಗ್ತಿಲ್ಲ, ನೀನು ಡ್ರೈವಿಂಗ್ ಕಲ್ತುಬಿಡು" ಎಂದಳು. ಅದೇ ಭುಜದಿಂದ ಅವಳು ಆ ಹೊತ್ತಿನಲ್ಲಿ ಚೌಕಟ್ಟಿನ ಮರದ ಕಟ್ಟನ್ನು ಹೊತ್ತುಕೊಂಡು ನಿಂತಿದ್ದಳು ಎಂಬುದು ನನಗೆ ಆಗ ಹೊಳೆಯಲಿಲ್ಲ.

ಕಲಿಯಲು ಆತುರವೂ ಇತ್ತು. ನೃತ್ಯಶಾಲೆಯೊಂದು ತನ್ನ ಹೊಸ ಕೋಣೆಯ ಒಂದಿಡೀ ಗೋಡೆಗೆ ಕನ್ನಡಿ ಹಾಕಿಸುವ ಕೆಲಸವನ್ನು ನಮಗೆ ಒಪ್ಪಿಸಿತ್ತು. ಅಂಥ ದೊಡ್ಡ ಕೆಲಸ ಅಪ್ಪನ ಕಾಲದ ನಂತರ ನಮಗೆ ಸಿಕ್ಕಿರಲಿಲ್ಲ. ಅದು ಕೈತಪ್ಪಿದರೆ ಅಂಗಡಿ ಬಾಗಿಲು ಹಾಕಿಕೊಳ್ಳುವುದೊಂದೇ ಬಾಕಿ. ಆ ಬೀದಿಯೋ ಕಿರಿದು. ಶಾಲೆಯ ಬಾಗಿಲ ಮುಂದೆ ಬೀದಿದೀಪದ ಕಂಬಕ್ಕೂ ಸದಾ ಅಲ್ಲೇ ಬೇರುಬಿಟ್ಟಿರುವ ಒಂದು ನೀಲಿ ಕಾರಿಗೂ ನಡುವೆ ನಮ್ಮ ಗಾಡಿಯಷ್ಟೇ ಜಾಗ. ಅಲ್ಲಿಗೆ ಹಿಮ್ಮುಖವಾಗಿಯೇ ಹೋಗಿ, ಫುಟ್‌ಪಾತಿಗೆ ಒತ್ತಿ ನಿಲ್ಲಿಸಬೇಕು. ದೂರ ನಿಲ್ಲಿಸಿ ಹೊತ್ತು ತರೋಣವೆಂದರೆ ಗಾಳಿ ಬೀಸಿದರೆ ಕನ್ನಡಿ ಹಾಯಿಯಾಗಿ ಹೊತ್ತವರನ್ನೇ ಹೊತ್ತೊಯ್ಯುತ್ತದೆ. ಬಾಡಿಗೆಗೆ ಕರೆದ ಗಾಡಿಯವನು ಎರಡು ಕನ್ನಡಿ ಒಡೆದ. ನೃತ್ಯಶಾಲೆಯ ಟೀಚರು ಬಹಳ ಮೆತ್ತಗಿನ ಹೆಂಗಸು. "ಮೂರನೇದೂ ಒಡೆದ್ರೆ ನಾನು ಬೇರೆ ಅಂಗಡಿಗೆ ಹೇಳ್ಬೇಕಾಗತ್ತೆ, ಬೇಜಾರು ಮಾಡ್ಕೋಬೇಡಿ" ಎಂದು ನನ್ನ ಕೈಯನ್ನು ತಮ್ಮ ಎರಡು ಕೈಗಳಲ್ಲಿ ಹಿಡಿದುಕೊಂಡು ಹೇಳಿದರು. ಇಂಥವರು ಕೈ ಹಿಡಿದರೆ ಕುತ್ತಿಗೆ ಹಿಡಿದಂತೆ.

ಹೀಗೆ ನಾನು ಡ್ರೈವಿಂಗ್ ಶಾಲೆ ಸೇರಿದೆ. ಅಲ್ಲಿನ ಗುರುಗಳನ್ನು ಎಲ್ಲರೂ ಕರೆಯುವುದು 'ಅರ್ಧ ಸುತ್ತು ಮೇಷ್ಟ್ರು' ಎಂದು, ಏಕೆಂದರೆ ಗಾಡಿ ಸ್ವಲ್ಪ ಓರೆಯಾದರೂ ಅವರ ಬಾಯಲ್ಲಿ ಬರುವುದು ಅದೇ ಮಾತು. ಅವರು ನನ್ನ ಪಕ್ಕ ಕೂತು, ಪೇಪರು ಹರಡಿಕೊಂಡು, ತಮ್ಮ ಕಾಲ ಬಳಿ ಇರುವ ಎರಡನೇ ಬ್ರೇಕಿನ ಮೇಲೆ ಕಾಲಿಟ್ಟು, ಪದಬಂಧ ತುಂಬಿಸುತ್ತ, ಮೋಕ್ಷಮಾರ್ಗವನ್ನು ಬೋಧಿಸುತ್ತಿದ್ದರು: ಮುಂದಿನ ಗಾಡಿಯ ಪಕ್ಕಕ್ಕೆ ಸರಿಸಮವಾಗಿ ನಿಲ್ಲಬೇಕು, ಹಿಂದಕ್ಕೆ ಬರುತ್ತ ಸ್ಟೇರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಬೇಕು, ಬಲಗನ್ನಡಿಯಲ್ಲಿ ಹಿಂದಿನ ಗಾಡಿಯ ಮೂಗು ಕಂಡ ಕೂಡಲೇ ನೆಟ್ಟಗೆ ಮಾಡಬೇಕು, ನಮ್ಮ ಮೂತಿ ಮುಂದಿನ ಗಾಡಿಯ ಬಾಲವನ್ನು ದಾಟಿದ ಮೇಲೆ ಪೂರ್ತಿ ಬಲಕ್ಕೆ. ಕೇಳಲು ಎಷ್ಟು ಸುಲಭ! ಆದರೆ ಎಡಕ್ಕೆ ತಿರುಗಿಸಿದರೆ ಗಾಡಿಯ ಹಿಂಭಾಗ ಎಡಕ್ಕೆ ಹೋಗಿ ಮುಂಭಾಗ ಬಲಕ್ಕೆ ಬರುತ್ತದೆ, ಕನ್ನಡಿಯಲ್ಲಿ ನೋಡಿದರೆ ಯಾವುದು ಯಾವುದೆಂದೇ ತಿಳಿಯುವುದಿಲ್ಲ. ಹುಟ್ಟಿದಾಗಿನಿಂದ ಕನ್ನಡಿಗಳ ನಡುವೆಯೇ ಬೆಳೆದವಳಿಗೆ ಅಂಗೈ ಅಗಲದ ಒಂದು ಕನ್ನಡಿ ಅರ್ಥವಾಗುತ್ತಿಲ್ಲವೆಂಬ ಅವಮಾನ ಬೇರೆ. ಅರ್ಧ ಸುತ್ತು ಮೇಷ್ಟ್ರು ಬ್ರೇಕು ಒತ್ತಿ, "ಅಮ್ಮಾ, ಕನ್ನಡಿ ಇರೋದು ಹಿಂದೆ ನೋಡಕ್ಕೆ. ನೀವು ಅದ್ರ ಗಾಜು ಎಷ್ಟು ದಪ್ಪ ಅಂತ ನೋಡ್ತಾ ಇದೀರಿ" ಎಂದರು. ಮಾತು ನಿಜವಾಗಿತ್ತು. ಆ ಗಾಜಿನ ಅಂಚನ್ನು ಯಾರೋ ಸರಿಯಾಗಿ ಉಜ್ಜಿರಲಿಲ್ಲ.

ಆಮೇಲೆ ನಾನು ಇಡೀ ಜೀವನವನ್ನೇ ರಿವರ್ಸ್ ಗೇರಿಗೆ ಹಾಕಿಕೊಂಡೆ. ಅಂಗಡಿಯಲ್ಲಿ ಗಾಜಿನ ತಳ್ಳುಗಾಡಿಯನ್ನು ಎರಡು ಮೇಜುಗಳ ನಡುವೆ ಹಿಮ್ಮುಖವಾಗಿ ನಿಲ್ಲಿಸಿದೆ. ದಿನಸಿ ಅಂಗಡಿಯಲ್ಲಿ ಸಾಮಾನಿನ ಬುಟ್ಟಿಗಾಡಿಯನ್ನು ಸರದಿಯಲ್ಲಿ ನಿಂತಿದ್ದ ಇಬ್ಬರು ವಯಸ್ಸಾದ ಹೆಂಗಸರ ನಡುವಿನ ಸಂದಿಯಲ್ಲಿ, ಯಾರ ಸೆರಗಿಗೂ ತಾಗದಂತೆ, ಮೂರೇ ಚಲನೆಯಲ್ಲಿ ಒತ್ತಾಗಿ ನಿಲ್ಲಿಸಿದೆ. ಅವರಲ್ಲಿ ಒಬ್ಬರು ಮೆಚ್ಚಿ ತಲೆದೂಗಿದರು, ಇನ್ನೊಬ್ಬರು ಸರದಿ ಮುರಿದಳೆಂದು ಮ್ಯಾನೇಜರನ್ನು ಕರೆದರು. ಸಂಜೆ ಹೊತ್ತು ಅಂಗಡಿಯ ಮುಂದೆ ಎರಡು ಕುರ್ಚಿ ಇಟ್ಟುಕೊಂಡು, ನಿಜವಾದ ಗಾಡಿಯಲ್ಲೇ ಅಭ್ಯಾಸ. ಹಿಂದೆ ನಿಂತು ದಾರಿ ತೋರಿಸುತ್ತಿದ್ದವಳು ಅಕ್ಕ. "ಬರ್ಲಿ, ಬರ್ಲಿ, ಬರ್ಲಿ, ಇನ್ನೂ ಬರ್ಲಿ" ಎನ್ನುತ್ತಿದ್ದಳು. ಕುರ್ಚಿ ಮುರಿಯುವ ಸದ್ದು ಕೇಳುತ್ತಿತ್ತು. ಆಮೇಲೆ "ಸಾಕು" ಎನ್ನುತ್ತಿದ್ದಳು. ಮನೆಯ ಕುರ್ಚಿಗಳೆಲ್ಲ ಮುಗಿದಾಗ ನಾನು ಪರೀಕ್ಷೆಗೆ ಸಿದ್ಧಳೆಂದು ತೀರ್ಮಾನವಾಯಿತು.

ಇನ್ನು ತಮ್ಮ ವಿಷಯಕ್ಕೆ ಬರುತ್ತೇನೆ.

ಪರೀಕ್ಷಾ ಮೈದಾನದ ಅಂಕಣದಲ್ಲಿ ಮುಂದೆ ಎರಡು ಕಂಬಗಳನ್ನೂ, ಹಿಂದಿನ ಗಾಡಿಗೆ ಬದಲಾಗಿ ಹಳೇ ಟೈರುಗಳ ಒಂದು ಗುಪ್ಪೆಯನ್ನೂ ಇಟ್ಟಿದ್ದಾರೆ. ತಮ್ಮ ಶ್ರೀಮತಿಯವರು, ಕೊಳದ ಸುತ್ತ ಅಷ್ಟೊಂದು ಜೊಂಡುಹುಲ್ಲು ಬಿದ್ದಿದ್ದರೂ, ಅದೇ ಟೈರುಗಳ ನಡುವಿನ ಗುಳಿಯನ್ನು ಆರಿಸಿ ಮೊಟ್ಟೆಯಿಟ್ಟು ಕಾವಿಗೆ ಕೂತರು. ಗೃಹಿಣಿಯ ಆಯ್ಕೆಯನ್ನು ಪ್ರಶ್ನಿಸಲು ನಾನು ಯಾರು? ಆದರೆ ತಾವು ಆ ಟೈರುಗಳ ಮುಂದೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾವಲು ನಿಂತು, ಹಿಮ್ಮುಖವಾಗಿ ಬಂದ ಪ್ರತಿ ಗಾಡಿಯೂ ತಮ್ಮ ಸಂಸಾರ ಒಡೆಯಲೆಂದೇ ಬಂದದ್ದೆಂದು ತಿಳಿದುದು ನನ್ನ ಮೊದಲನೆಯ ಆಕ್ಷೇಪಣೆ. ಕಚೇರಿಯಲ್ಲಿ ಕೇಳಿದರೆ, ಕಾವಿಗೆ ಕೂತ ಹಕ್ಕಿಯನ್ನು ಕದಲಿಸಕೂಡದೆಂದು ಮೇಲಿನಿಂದ ಆದೇಶವಿದೆ ಎಂದರು. ಹಾಗಾದರೆ ಟೈರುಗಳನ್ನೇ ಕದಲಿಸಿ ಎಂದದ್ದಕ್ಕೆ, ಟೈರು ಬೇರೆ ವಿಭಾಗಕ್ಕೆ ಸೇರಿದ್ದು ಎಂದರು. ಅಲ್ಲಿಗೆ ಬೆಕ್ಕಿಗೆ ಗಂಟೆ ಕಟ್ಟುವವರು ಯಾರೂ ಇರಲಿಲ್ಲ. ಪರೀಕ್ಷಕರು ಸ್ವತಃ ತಮ್ಮಿಂದ ಒಂದು ಸಲ ತೊಡೆಗೆ ಕಚ್ಚಿಸಿಕೊಂಡವರಂತೆ. ಅಂದಿನಿಂದ ಅವರು ಮೈದಾನಕ್ಕೆ ಇಳಿಯುವುದನ್ನೇ ಬಿಟ್ಟು, ಕಚೇರಿಯ ಮೊದಲ ಮಹಡಿಯ ಜಗಲಿಯಲ್ಲಿ ದುರ್ಬೀನು ಹಿಡಿದು ನಿಂತು, ಇನ್ನೊಂದು ಕೈಯಲ್ಲಿ ಧ್ವನಿವರ್ಧಕ ಹಿಡಿದು, ಫಲಿತಾಂಶವನ್ನು ಆಕಾಶವಾಣಿಯಂತೆ ಪ್ರಕಟಿಸುತ್ತಿದ್ದರು.

ನನ್ನ ಮೊದಲನೆಯ ಪರೀಕ್ಷೆಯ ದಿನ ಎಲ್ಲವೂ ಸರಿಯಾಗಿಯೇ ನಡೆಯುತ್ತಿತ್ತು. ಪೂರ್ತಿ ಎಡಕ್ಕೆ ತಿರುಗಿಸಿದೆ, ನೆಟ್ಟಗೆ ಮಾಡಿದೆ, ಹಿಂದಕ್ಕೆ ಬಂದೆ. ಅಷ್ಟರಲ್ಲಿ ಕುಕ್ಕರಿನ ಆವಿ ಬಿಟ್ಟಂತೆ ಒಂದು ಬುಸುಗುಟ್ಟುವ ಸದ್ದು. ಟೈರು ಪಂಕ್ಚರ್ ಆಯಿತೆಂದು ನಾನು ಗಾಡಿ ನಿಲ್ಲಿಸಿ, ನೋಡಲು ಇಳಿದೆ. ತಾವು ಎದುರಾದಿರಿ. ನಾನು ಮತ್ತೆ ಗಾಡಿ ಹತ್ತಿದ್ದು ಹೇಗೆಂದು ನನಗೆ ನೆನಪಿಲ್ಲ, ಆದರೆ ಹತ್ತಿದ್ದು ಗಾಡಿಯ ಒಳಕ್ಕಲ್ಲ, ಮೇಲಕ್ಕೆ ಎಂದು ನೋಡಿದವರು ಹೇಳುತ್ತಾರೆ. ಜಗಲಿಯಿಂದ ಧ್ವನಿ ಬಂತು: "ಅಭ್ಯರ್ಥಿ ಗಾಡಿಯ ಮಾಡಿನ ಮೇಲಿದ್ದಾರೆ. ಗಾಡಿ ಓರೆಯಾಗಿದೆ. ಫೇಲ್." ಹಕ್ಕಿ ಅಡ್ಡ ಬಂತು ಸ್ವಾಮಿ ಎಂದು ನಾನು ಅಲ್ಲಿಂದಲೇ ಕೂಗಿಕೊಂಡರೆ, "ರಸ್ತೆಯಲ್ಲಿ ಏನು ಬೇಕಾದ್ರೂ ಅಡ್ಡ ಬರತ್ತೆ ತಾಯಿ, ತಯಾರಾಗಿರ್ಬೇಕು" ಎಂದರು, ಮೊದಲ ಮಹಡಿಯಿಂದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ಸರದಿಯಲ್ಲಿದ್ದವರು ನಕ್ಕರು. ತಂತಮ್ಮ ಸರದಿ ಬಂದಾಗ ಅವರೂ ಒಬ್ಬೊಬ್ಬರಾಗಿ ಮಾಡು ಹತ್ತಿದರು.

ಮನೆಗೆ ಹೋಗಿ ಹೇಳಿದರೆ ಅಕ್ಕ ನಂಬಲಿಲ್ಲ. ಒಂದು ಹಕ್ಕಿಗೆ ಹೆದರುತ್ತಾರೆಯೇ ಎಂದು ಗದರಿ, ಭಾನುವಾರ ಮೈದಾನ ಖಾಲಿ ಇರುವಾಗ ತಾನೇ ಬಂದು ಕಲಿಸುತ್ತೇನೆಂದಳು. ಭಾನುವಾರ ಹೋದೆವು. ನಾನು ಗಾಡಿಯಲ್ಲಿ, ಅಕ್ಕ ಹಿಂದೆ, ಟೈರುಗಳ ಬಳಿ, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ನಾನು ಎಡಕ್ಕೆ ತಿರುಗಿಸಿ, ಬಲಗನ್ನಡಿಯನ್ನು ನೋಡಿದೆ. ಬಿಸಿಲು ಚೆನ್ನಾಗಿ ಬಿದ್ದಿತ್ತು. ಕನ್ನಡಿಯಲ್ಲಿ ಅಕ್ಕ ಕಂಡಳು. ಅಕ್ಕನ ಪಕ್ಕದಲ್ಲೇ, ಅವಳ ಸೀರೆಯ ನೆರಿಗೆಗೆ ತಾಗುವಷ್ಟು ಹತ್ತಿರದಲ್ಲಿ, ದಿಂಬಿನಷ್ಟು ದಪ್ಪಗೆ, ಸುಣ್ಣದಷ್ಟು ಬೆಳ್ಳಗೆ, ಕೊರಳನ್ನು ನೆಲಕ್ಕೆ ಸಮವಾಗಿ ಚಾಚಿಕೊಂಡು ತಾವು ಕಂಡಿರಿ.

"ಅಕ್ಕಾ, ಹಿಂದೆ ಏನಿದೆ?" ಎಂದೆ.

"ಏನೂ ಇಲ್ಲ ಬಾರೇ. ಬರ್ಲಿ, ಬರ್ಲಿ."

"ಸರಿಯಾಗ್ ನೋಡೇ."

"ನೋಡ್ತಾನೇ ಇದೀನಲ್ಲ, ಖಾಲಿ ಬಿದ್ದಿದೆ. ಆ ಹಕ್ಕಿ ಎಲ್ಲೋ ಹಾರ್ಹೋಗಿದೆ. ಬರ್ಲಿ!"

ಮಾನ್ಯರೇ, ಬೇರೆ ಯಾರಾದರೂ ಆಗಿದ್ದರೆ ಆ ಹೊತ್ತಿನಲ್ಲಿ ಸ್ವಲ್ಪ ಸಂಯಮ ತೋರುತ್ತಿದ್ದರು. ತಾವು ತೋರಲಿಲ್ಲ. ತಾವು ಅಕ್ಕನ ಮೀನಖಂಡವನ್ನು ಬಾಯಿತುಂಬ ಹಿಡಿದಿರಿ. ಅಕ್ಕ ಚೀರಿ, ತಾವಿದ್ದ ಕಡೆಯನ್ನು ಬಿಟ್ಟು ಇನ್ನೆಲ್ಲ ಕಡೆಗೂ ತಿರುಗಿ, "ಯಾರದು? ಯಾರ್ ಹೊಡೆದಿದ್ದು?" ಎಂದು ಗಾಳಿಗೆ ಕೈ ಬೀಸಿದಳು. ನಾನು ಇಳಿದು ಓಡಿದೆ. ತಮ್ಮ ಬಗೆಗಿನ ಭಯ ಆಗ ನನಗೆ ನೆನಪಾಗಲೇ ಇಲ್ಲವೆಂಬುದನ್ನು ತಾವೂ ಗಮನಿಸಿರಬಹುದು, ಏಕೆಂದರೆ ತಮ್ಮನ್ನು ನಾನು ಕಾಲಿನಿಂದ ಪಕ್ಕಕ್ಕೆ ಸರಿಸಿದೆ. ಅದಕ್ಕಾಗಿ ಈ ಮೂಲಕ ವಿಷಾದ ವ್ಯಕ್ತಪಡಿಸುತ್ತೇನೆ.

ಅಕ್ಕನನ್ನು ಗಾಡಿಯ ಮೆಟ್ಟಿಲ ಮೇಲೆ ಕೂರಿಸಿದೆ. ಕಾಲು ನೋಡುತ್ತ, ಮುಖವೆತ್ತದೆ, "ಎಷ್ಟು ಕಾಣತ್ತೆ ನಿಂಗೆ?" ಎಂದು ಕೇಳಿದೆ. ಗಿರಾಕಿಗಳೊಡನೆ ಇಡೀ ಮಧ್ಯಾಹ್ನ ವಾದ ಮಾಡಬಲ್ಲ ನಮ್ಮಕ್ಕ ಎರಡೂ ಕೈಗಳನ್ನು ಕೊಳವೆಯಂತೆ ಮಾಡಿ ಕಣ್ಣಿಗೆ ಹಿಡಿದು, "ಇಷ್ಟು. ನೆಟ್ಟಗೆ ಮುಂದೆ ಇರೋದು ಚೆನ್ನಾಗೇ ಕಾಣತ್ತೆ. ಪಕ್ಕದಲ್ಲಿ ಏನೂ ಇಲ್ಲ. ಕತ್ತಲೆ ಅಂತಲ್ಲ, ಇಲ್ಲವೇ ಇಲ್ಲ" ಎಂದಳು. ಡಾಕ್ಟರು ಗಾಡಿ ಮುಟ್ಟಬೇಡಿ ಎಂದಿದ್ದರಂತೆ. ಭುಜವೆಂಬುದು ಬರೀ ಸುಳ್ಳು.

"ನಂಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಅಂಗಡಿ ಹೆಂಗೆ ನಡೆಸೋದು ಅಂತ ಕೂತ್ಕೊಂಡು ಅಳ್ತಿದ್ದೆ. ಭುಜ ಅಂದ್ರೆ ಡ್ರೈವಿಂಗ್ ಕಲೀತೀಯ ಅಂದ್ಕೊಂಡೆ. ಕಲೀತಾ ಇದೀಯಲ್ಲ."

ಕೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರೆ. ಮನೆ ತುಂಬ ಕನ್ನಡಿ ಇಟ್ಟುಕೊಂಡಿದ್ದ ನನಗೆ ಹುಣ್ಣು ಕಾಣಿಸಲು ಒಂದು ಹೆಬ್ಬಾತು ಬೇಕಾಯಿತು. ನನ್ನ ಎರಡನೆಯ ಆಕ್ಷೇಪಣೆ ಇದೇ: ಅಕ್ಕ ಇಷ್ಟು ದಿನ ಜೋಪಾನವಾಗಿ ಮುಚ್ಚಿಟ್ಟಿದ್ದ ಗುಟ್ಟನ್ನು, ಮೊದಲು ಅವಳ ಅನುಮತಿ ಪಡೆಯದೆ, ಒಂದೇ ಕಡಿತಕ್ಕೆ ಬಯಲು ಮಾಡಲು ತಮಗೆ ಯಾವ ಅಧಿಕಾರವಿತ್ತು?

ಅದಿರಲಿ. ಆಮೇಲೆ ಇನ್ನೊಂದು ಪೇಚು. ಕಲಿಯುವವಳು ಗಾಡಿ ಓಡಿಸಬೇಕಾದರೆ ಪಕ್ಕದಲ್ಲಿ ಲೈಸೆನ್ಸ್ ಇರುವವರು ಕೂತಿರಬೇಕು. ಲೈಸೆನ್ಸ್ ಇದ್ದವಳಿಗೆ ಪಕ್ಕವೇ ಕಾಣುವುದಿಲ್ಲ. ನಾವಿಬ್ಬರೂ ಸೇರಿ ಒಬ್ಬ ಡ್ರೈವರ್ ಆಗುವಷ್ಟೂ ಇರಲಿಲ್ಲ. ಅರ್ಧ ಸುತ್ತು ಮೇಷ್ಟ್ರಿಗೆ ಫೋನು ಮಾಡಿದೆ. ಅವರು ಭಾನುವಾರದ ಪೇಪರನ್ನು ಕಂಕುಳಲ್ಲಿಟ್ಟುಕೊಂಡು ಸೈಕಲ್ಲಿನಲ್ಲಿ ಬಂದು, ಸೈಕಲ್ಲನ್ನು ಕನ್ನಡಿಯ ಅಡ್ಡೆಗೆ ಕಟ್ಟಿ, ನಮ್ಮನ್ನು ಮನೆಗೆ ತಲುಪಿಸಿದರು. ದಾರಿಯಲ್ಲಿ ಅಕ್ಕ ಅವರಿಗೆ, ಎಡಕ್ಕೆ ತಿರುಗುವಾಗ ಇನ್ನೂ ಸ್ವಲ್ಪ ಅಗಲಕ್ಕೆ ತೆಗೆದುಕೊಳ್ಳಬೇಕಿತ್ತೆಂದು ತಿದ್ದಿದಳು. ಮೇಷ್ಟ್ರು ತಮ್ಮ ಜೀವನದಲ್ಲಿ ಮೊದಲ ಸಲ ಪೂರ್ತಿ ಸುತ್ತು ತಿರುಗಿ ಅವಳ ಮುಖ ನೋಡಿದರು.

ಎರಡನೆಯ ಪರೀಕ್ಷೆಗೆ ಹೋಗುವ ಹೊತ್ತಿಗೆ ನನಗೆ ತಮ್ಮ ಬಗ್ಗೆ ಗೌರವ ಹುಟ್ಟಿತ್ತೆಂದು ಒಪ್ಪಿಕೊಳ್ಳುತ್ತೇನೆ. ಗಾಡಿ ದೂರವಿದ್ದಾಗ ತಾವು ಮೆಲ್ಲಗೆ ಗೊಣಗುತ್ತೀರಿ, ಸಮೀಪಿಸಿದಾಗ ಬುಸುಗುಟ್ಟುತ್ತೀರಿ, ಒಂದು ಗೇಣು ಉಳಿದಾಗ ಕಹಳೆ ಊದುತ್ತೀರಿ. ದೊಡ್ಡವರ ಕಾರುಗಳಲ್ಲಿ ಇದೇ ಕೆಲಸಕ್ಕೆ ಕುಂಯ್ ಕುಂಯ್ ಎನ್ನುವ ಯಂತ್ರ ಕೂರಿಸಿರುತ್ತಾರೆ. ತಾವು ಅದನ್ನು ಉಚಿತವಾಗಿ, ಬಿಸಿಲೆನ್ನದೆ ಮಳೆಯೆನ್ನದೆ, ಬ್ಯಾಟರಿಯ ಹಂಗಿಲ್ಲದೆ ನಿರ್ವಹಿಸುತ್ತಿದ್ದಿರಿ. ಅಕ್ಕನ 'ಬರ್ಲಿ'ಯ ಬದಲು ತಮ್ಮ 'ಬುಸ್' ಅನ್ನೇ ನಂಬಿ ಹಿಂದಕ್ಕೆ ಬರುವುದೆಂದು ನಿಶ್ಚಯಿಸಿದೆ.

ಆದರೆ ತಾನೊಂದು ಬಗೆದರೆ ದೈವವೊಂದು ಬಗೆಯಿತು. ಅಂದು ಪರೀಕ್ಷೆ ಮುಗಿಸಿ, ಮೇಷ್ಟ್ರನ್ನು ಪಕ್ಕದಲ್ಲಿ ಕೂರಿಸಿಕೊಂಡು ನೇರ ನೃತ್ಯಶಾಲೆಗೇ ಹೋಗಿಬಿಡೋಣವೆಂಬ ದುರಾಸೆಯಿಂದ ಗಾಡಿಯ ಹಿಂಬದಿಗೆ ಆಳೆತ್ತರದ ಒಂದು ಕನ್ನಡಿಯನ್ನು ಕಟ್ಟಿಕೊಂಡು ಬಂದಿದ್ದೆ, ಹೊಳೆಯುವ ಮೈ ಹೊರಗೆ ಮಾಡಿ. ತಾವು ನೋಡಿದ್ದು ಗಾಡಿಯನ್ನಲ್ಲ. ತಮ್ಮಷ್ಟೇ ಬೆಳ್ಳಗಿನ, ತಮ್ಮಷ್ಟೇ ಕೋಪಿಷ್ಠನಾದ ಇನ್ನೊಬ್ಬ ಗಂಡು, ತಮ್ಮ ಶ್ರೀಮತಿಯವರನ್ನೇ ದಿಟ್ಟಿಸುತ್ತ, ಹಿಮ್ಮುಖವಾಗಿ ಬರುವ ಗಾಡಿಯೇರಿ ಕ್ಷಣಕ್ಷಣಕ್ಕೂ ದೊಡ್ಡವನಾಗುತ್ತ ಬರುತ್ತಿರುವುದನ್ನು. ಆಮೇಲೆ ನಡೆದ ದ್ವಂದ್ವಯುದ್ಧದ ವರ್ಣನೆಗೆ ನನ್ನ ಭಾಷೆ ಸಾಲದು. ತಾವು ಹೊಡೆದಷ್ಟೂ ಅವನೂ ಹೊಡೆದ. ತಾವು ರೆಕ್ಕೆ ಬಿಚ್ಚಿದರೆ ಅವನೂ ಬಿಚ್ಚಿದ. ನಡುನಡುವೆ ತಾವು ಕನ್ನಡಿಯ ಹಿಂದಕ್ಕೆ ಇಣುಕಿ, ಹೇಡಿ ಎಲ್ಲಿ ಅಡಗಿದನೆಂದು ಹುಡುಕಿ, ಮತ್ತೆ ಮುಂದೆ ಬಂದು, ಅವನೂ ಮತ್ತೆ ಬಂದದ್ದನ್ನು ಕಂಡು ಕೆರಳಿದಿರಿ. ಅಷ್ಟು ಹೊತ್ತೂ ಶ್ರೀಮತಿಯವರು ಮೊಟ್ಟೆಯ ಮೇಲಿಂದ ಕದಲದೆ, ಕೊಳದ ಕಡೆಗೆ ಮುಖ ತಿರುಗಿಸಿಕೊಂಡಿದ್ದರು. ಗಂಡಂದಿರ ಜಗಳವನ್ನು ಆ ಮುಖಭಾವದಲ್ಲಿ ನೋಡಿದ ಹೆಂಗಸರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ನಾನು ಕನ್ನಡಿ ಉಳಿಸಿಕೊಳ್ಳಲು ಗಾಡಿಯನ್ನು ಮುಂದಕ್ಕೆ ಹಾರಿಸಿದೆ. ಮುಂದಿನ ಎರಡೂ ಕಂಬ ಮಲಗಿದವು. ಜಗಲಿಯಿಂದ ಆಕಾಶವಾಣಿ: "ಅಭ್ಯರ್ಥಿ ಫೇಲ್. ಹಕ್ಕಿಗಳಲ್ಲಿ ಒಬ್ಬರು ಗೆದ್ದಿದ್ದಾರೆ, ಯಾರು ಅಂತ ಇಲ್ಲಿಂದ ಕಾಣ್ತಿಲ್ಲ."

ಕನ್ನಡಿ ಒಡೆಯಲಿಲ್ಲ. ನಾನು ಕೂರಿಸಿದ ಕನ್ನಡಿ ಹಾಗೆಲ್ಲ ಒಡೆಯುವುದಿಲ್ಲ. ಆದರೆ ನೃತ್ಯಶಾಲೆಯ ಟೀಚರು ಫೋನು ಮಾಡಿ, ಇನ್ನು ಕಾಯುವುದು ಒಂದೇ ವಾರವೆಂದು, ಫೋನಿನಲ್ಲೇ ಕೈ ಹಿಡಿದುಕೊಂಡವರಂತೆ ಮೆತ್ತಗೆ ಹೇಳಿದರು.

ಮೂರನೆಯ ಪರೀಕ್ಷೆಗೆ ಬರಿಯ ಗಾಡಿಯಲ್ಲಿ ಹೋದೆ. ಅಕ್ಕ ಬೇಲಿಯ ಹೊರಗೆ, ಮೇಷ್ಟ್ರ ತೋಳು ಹಿಡಿದು ನಿಂತಿದ್ದಳು. ನಾನು ಅಂಕಣದ ಮುಂದೆ ಬಂದು, ಕಂಬಕ್ಕೆ ಸರಿಸಮವಾಗಿ ನಿಂತು, ರಿವರ್ಸಿಗೆ ಹಾಕಿ, ಕಿಟಕಿ ಇಳಿಸಿ ಕಿವಿಗೊಟ್ಟೆ. ಗೊಣಗು ಇಲ್ಲ. ಇಷ್ಟು ಹಿಂದಕ್ಕೆ ಬಂದೆ; ಬುಸು ಇಲ್ಲ. ನಿಲ್ಲಿಸಿ ಕನ್ನಡಿಯಲ್ಲಿ ನೋಡಿದರೆ ಟೈರುಗಳು ಮಾತ್ರ. ಅವುಗಳ ಗುಳಿಯಲ್ಲಿ ಒಡೆದ ಚಿಪ್ಪುಗಳು, ಒಂದಿಷ್ಟು ಬಿಳಿ ತುಪ್ಪಳ. ತಾವು ಸಂಸಾರಸಮೇತರಾಗಿ ಕೊಳಕ್ಕೆ ಇಳಿದುಹೋಗಿದ್ದಿರಿ.

ಇದು ನನ್ನ ಮೂರನೆಯ, ಮತ್ತು ಎಲ್ಲಕ್ಕಿಂತ ಗಂಭೀರವಾದ ಆಕ್ಷೇಪಣೆ. ತಾವಿದ್ದದ್ದಕ್ಕೆ ಎರಡು ಸಲ ಫೇಲಾದವಳನ್ನು, ತಾವಿಲ್ಲದಿರುವುದಕ್ಕೆ ತಯಾರಿ ಮಾಡದೆ, ಮುನ್ಸೂಚನೆ ಕೊಡದೆ, ಬದಲಿ ಹಕ್ಕಿಯನ್ನೂ ನೇಮಿಸದೆ ಬಿಟ್ಟುಹೋಗುವುದು ಯಾವ ನ್ಯಾಯ? ಗಾಡಿ ಓರೆಯಾಗಿ ನಿಂತಿತ್ತು. ಹಿಂದಕ್ಕೆ ಬಾ ಎನ್ನುವವರಿಲ್ಲ, ನಿಲ್ಲು ಎನ್ನುವವರಿಲ್ಲ. ಬೇಲಿಯ ಕಡೆ ನೋಡಿದೆ. ಅಕ್ಕನ ಬಾಯಿಗೆ 'ಬರ್ಲಿ' ಬಂದೇಬಿಟ್ಟಿತ್ತು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು, ನನ್ನ ಗಾಡಿ ಎಲ್ಲಿದೆಯೆಂದು ಅವಳಿಗೆ ಸರಿಯಾಗಿ ಕಾಣುತ್ತಿತ್ತೋ ಇಲ್ಲವೋ, ಈ ಕಡೆಗೇ ಮುಖ ಮಾಡಿ ನಿಂತಿದ್ದಳು.

ಅವಳು ಬಾಯಿ ಮುಚ್ಚಿಕೊಂಡದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಕನ್ನಡಿಗೆ ಮರಳಿ ನೋಡಿದೆ. ಈ ಸಲ ಗಾಜು ಕಾಣಲಿಲ್ಲ, ಅದರೊಳಗಿನ ಟೈರು ಕಂಡಿತು; ಅಷ್ಟು ದೂರ ಎಂದರೆ ಎಷ್ಟು ದೂರವೆಂದು, ಗಾಜಿನ ಮೇಲೆ ಗೆರೆ ಎಳೆಯುವ ಮೊದಲು ಕೈಗೆ ತಾನಾಗಿ ತಿಳಿಯುವಂತೆ, ತಿಳಿಯಿತು. ಬಲಕ್ಕೆ ತಿರುಗಿಸಿದೆ. ಗಾಡಿ ಒಳಕ್ಕೆ ಬಂದು, ಚೌಕಟ್ಟಿನಲ್ಲಿ ಕೂತಂತೆ ಕೂತಿತು.

ಜಗಲಿಯ ಮೇಲೆ ಪರೀಕ್ಷಕರು ದುರ್ಬೀನಿನಲ್ಲಿ ತಮ್ಮನ್ನೇ ಹುಡುಕುತ್ತಿದ್ದರಂತೆ. ಕೊನೆಗೆ, "ಹಕ್ಕಿ ಇಲ್ವಾ? ಹಾಗಾದ್ರೆ ಪಾಸು" ಎಂಬ ಧ್ವನಿ, ಅದರ ಹಿಂದೆಯೇ ಮೆಟ್ಟಿಲಿಳಿದು ಬರುವ ಚಪ್ಪಲಿಯ ಸದ್ದು ಕೇಳಿತು. ಎಷ್ಟೋ ವಾರಗಳ ಮೇಲೆ ಅವರು ನೆಲ ಮುಟ್ಟಿದ್ದು. ನನ್ನ ಕೈ ಕುಲುಕುವ ಮೊದಲು ಟೈರುಗಳ ಹಿಂದೆ ಇಣುಕಿ ಬಂದರು.

ಅದೇ ವಾರ ನೃತ್ಯಶಾಲೆಗೆ ಕನ್ನಡಿಗಳು ಹೊರಟವು. ಚಾಲಕಿಯ ಜಾಗದಲ್ಲಿ ನಾನು, ಪಕ್ಕದಲ್ಲಿ ಅಕ್ಕ. ನೀಲಿ ಕಾರು ತನ್ನ ಜಾಗದಲ್ಲೇ ಇತ್ತು. ಬೀದಿಯವರೆಲ್ಲ ಹೊರಬಂದು ಆಚೆಯಿಂದೊಬ್ಬರು ಈಚೆಯಿಂದೊಬ್ಬರು "ರೈಟ್, ರೈಟ್", "ಕಟ್ ಮಾಡಿ, ಕಟ್ ಮಾಡಿ" ಎಂದು ಕೈ ಆಡಿಸತೊಡಗಿದರು. ಅಕ್ಕ ಕಿಟಕಿಯಿಂದ ತಲೆ ಹಾಕಿ, "ಎಲ್ರೂ ಸುಮ್ನಿರ್ರೀ, ಅವ್ಳಿಗೆ ಕಾಣತ್ತೆ" ಎಂದು ಗದರಿದಳು. ಸುಮ್ಮನಾದರು. ಗಾಡಿ ಸಂದಿಗೆ ಬಂತು. ಇಂಜಿನ್ ಆರಿಸಿದೆ. ಅಕ್ಕ ಇಳಿದು, ಬಾಗಿ, ಗಾಡಿಯ ಚಕ್ರಕ್ಕೂ ಫುಟ್‌ಪಾತಿನ ಅಂಚಿಗೂ ನಡುವಿನ ಜಾಗದಲ್ಲಿ ಕೈಯಿಟ್ಟು, ಬೆರಳು ಅಗಲಿಸಿ ಅಳೆದಳು. ಹೆಬ್ಬೆರಳು ಅಂಚಿಗೆ ತಾಗಿತು, ಕಿರುಬೆರಳು ಟೈರಿಗೆ ತಾಗಿತು. ಕೈ ಒರೆಸಿಕೊಂಡು ಎದ್ದು, "ಪರವಾಗಿಲ್ಲ" ಎಂದಳು. ನಮ್ಮಕ್ಕ ನನಗೆ ಇದುವರೆಗೆ ಕೊಟ್ಟ ಮೆಚ್ಚುಗೆಗಳಲ್ಲಿ ಅದೇ ದೊಡ್ಡದು.

ಆದ್ದರಿಂದ ತಮ್ಮಲ್ಲಿ ನನ್ನ ಪ್ರಾರ್ಥನೆ ಏನೆಂದರೆ: ಮುಂದಿನ ವರ್ಷ ಮೊಟ್ಟೆಯಿಡುವ ಕಾಲಕ್ಕೆ ಶ್ರೀಮತಿಯವರನ್ನು ಬೇರೆ ಎಲ್ಲಿಗೂ ಕರೆದೊಯ್ಯದೆ ಅದೇ ಟೈರುಗಳಿಗೆ ಕರೆತಂದು, ಕಲಿಯುವವರಿಗೆಲ್ಲ ಭೇದಭಾವವಿಲ್ಲದೆ ಬುಸುಗುಟ್ಟಬೇಕು, ಬುಸುಗುಟ್ಟುವಾಗ ಗೇಣಿಗೊಂದು ಸ್ವರ, ಮೊಳಕ್ಕೊಂದು ಸ್ವರವೆಂದು ನಿಗದಿಪಡಿಸಿ ಅದನ್ನು ಕಚೇರಿಯ ಗೋಡೆಗೆ ಅಂಟಿಸಬೇಕು, ಸಾಧ್ಯವಾದರೆ ವಾರಕ್ಕೊಮ್ಮೆ ನಮ್ಮ ಬೀದಿಗೂ ಬಂದು, ಕಣ್ಣು ಮಂದವಾಗಿರುವುದನ್ನು ಭುಜನೋವೆಂದು ಹೇಳಿಕೊಂಡು ಗಾಡಿ ಓಡಿಸುತ್ತಿರುವ ಇನ್ನುಳಿದವರನ್ನೆಲ್ಲ ಒಂದೊಂದು ಸಲ, ಹೆಚ್ಚು ನೋವಾಗದಂತೆ, ಕಚ್ಚಿ ಹೋಗಬೇಕು. ನಮ್ಮಕ್ಕನಿಗೆ ಮಾತ್ರ ಇನ್ನೊಮ್ಮೆ ಬಾಯಿ ಹಾಕಬಾರದು. ಆ ಕೆಲಸ ನನ್ನದು.

ಇಂತು, ಸಾಕಷ್ಟು ದೂರದಲ್ಲೇ ನಿಂತಿರುವ,
ತಮ್ಮ ವಿಶ್ವಾಸಿ,
ಕನ್ನಡಿ ಅಂಗಡಿಯ ಕಿರಿಯವಳು

ಮರೆತ ಮಾತು: ಮೊನ್ನೆ ಅಕ್ಕನನ್ನು ಕಣ್ಣಿನ ಆಸ್ಪತ್ರೆಗೆ ನಾನೇ ಗಾಡಿಯಲ್ಲಿ ಕರೆದೊಯ್ದೆ. ಹೊಸ ಡಾಕ್ಟರು, ಈ ತೊಂದರೆ ಯಾವಾಗಿನಿಂದ ಎಂದು ಕೇಳಿದರು. ಅಕ್ಕ ಸಂಕೋಚವಿಲ್ಲದೆ, "ಬಾತು ಕಚ್ಚಿದಾಗಿಂದ" ಎಂದಳು. ಅವರು ಅದನ್ನು ಹಾಗೆಯೇ ಬರೆದುಕೊಂಡರು. ಹೀಗಾಗಿ ಆಸ್ಪತ್ರೆಯವರ ಲೆಕ್ಕದಲ್ಲಿ ನಮ್ಮಕ್ಕನ ಕಣ್ಣಿನ ಕಾಯಿಲೆಗೆ ಕಾರಣರು ತಾವೇ. ತಮ್ಮದೇನಾದರೂ ತಕರಾರಿದ್ದಲ್ಲಿ, ಶ್ರೀಮತಿಯವರ ಒಪ್ಪಿಗೆ ಪಡೆದು, ಕಚೇರಿ ವೇಳೆಯಲ್ಲಿ ಖುದ್ದಾಗಿ ಹಾಜರಾಗತಕ್ಕದ್ದು. ಸರದಿ ಉದ್ದವಿರುತ್ತದೆ, ಕಚ್ಚಬಾರದು.